ಇಪ್ಪತ್ತೈದಕ್ಕೆ ಇಪ್ಪತ್ನಾಲ್ಕು

ಅವಾತಿಫ್ ಮತ್ತು ಇನ್ಸಾಫ್ ಅಕ್ಕತಂಗಿಯರು. ಚಿಕ್ಕಂದಿನಿಂದ ಮಹಲ್ಲಾ ಪಟ್ಟಣದ ನೂಲಿನ ಗಿರಣಿಯಲ್ಲಿ ದುಡಿದು ಇಬ್ಬರೂ ಉಬ್ಬಸ ಹತ್ತಿಸಿಕೊಂಡಿದ್ದರು. ನಾನು ನರ್ಸ್ ಆಗಿರುವ ದವಾಖಾನೆಗೆ ಮೂರು ತಿಂಗಳಿಗೊಮ್ಮೆ ಜೊತೆಯಾಗಿ ಬರುತ್ತಿದ್ದರು. ಧೂಳು ಹೊಗೆಗೆ ಹೆದರಿದ್ದ ಅಕ್ಕ ಅವಾತಿಫ್ ಮನೆಯಿಂದ ಕೆಳಗಿಳಿಯುತ್ತಿದ್ದುದು ಆ ದಿನ ಮಾತ್ರ.

ನಾನು ಐದು ಪ್ರಶ್ನೆ ಕೇಳಿ ಅಂಕ ಹಾಕಬೇಕಿತ್ತು. ಕಳೆದ ನಾಲ್ಕು ವಾರದಲ್ಲಿ ಎಷ್ಟು ಸಲ ಉಸಿರು ಕಟ್ಟಿತು, ನಿದ್ದೆ ಕೆಟ್ಟಿತೇ, ಕೆಲಸ ತಪ್ಪಿತೇ, ಇಂಥವು. ಅಂಕ ಹೆಚ್ಚಿದ್ದಷ್ಟೂ ಉಬ್ಬಸ ಹತೋಟಿಯಲ್ಲಿದೆ ಎಂದರ್ಥ. ಅವಾತಿಫ್‌ಗೆ ಯಾವಾಗಲೂ ಇಪ್ಪತ್ತೈದಕ್ಕೆ ಇಪ್ಪತ್ನಾಲ್ಕು. ಇನ್ಸಾಫ್‌ಗೆ ಹತ್ತೋ ಹನ್ನೊಂದೋ. ಅವಳು ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದಳು, ಮದುವೆಮನೆಗಳಲ್ಲಿ ಕುಣಿಯುತ್ತಿದ್ದಳು, ದಿನವೂ ಉಸಿರಿನ ಜೊತೆ ಎಳೆದುಕೊಳ್ಳಬೇಕಾದ ಔಷಧವನ್ನು ಮರೆಯುತ್ತಿದ್ದಳು. ಅಕ್ಕನನ್ನು ನೋಡಿ ಕಲಿ ಎಂದು ನಾನು ಬೈಯುತ್ತಿದ್ದೆ.

"ಇವಳನ್ನ ನೋಡಿ ಏನ್ ಕಲೀಲಿ?" ಎಂದಳು ಒಮ್ಮೆ. "ಹೆತ್ತ ಮಗಳ ಮದುವೆಗೂ ಮೆಟ್ಟಿಲಿಳೀಲಿಲ್ಲ ಮಹಾರಾಣಿ. ಮೇಲಿಂದ್ಲೇ ಕೈ ಬೀಸಿದ್ಲು."

ಅವಾತಿಫ್ ತಲೆ ತಗ್ಗಿಸಿದಳು. ಅದನ್ನು ಬರೆದುಕೊಳ್ಳಲು ನನ್ನ ಹಾಳೆಯಲ್ಲಿ ಜಾಗವಿರಲಿಲ್ಲ.

ಆ ಅಕ್ಟೋಬರಿನಲ್ಲಿ ಭತ್ತದ ಹುಲ್ಲು ಸುಟ್ಟ ಹೊಗೆ ವಾರವಿಡೀ ಊರ ಮೇಲೆ ಕವಿದಿತ್ತು. ಒಂದು ಮಧ್ಯಾಹ್ನ ಇನ್ಸಾಫ್ ಏದುಸಿರು ಬಿಡುತ್ತ ಅಕ್ಕನ ಕಟ್ಟಡದವರೆಗೆ ಬಂದು ಬಾಗಿಲಲ್ಲೇ ಕುಸಿದಳು. ನಾಲ್ಕನೇ ಮಹಡಿಯಿಂದ ಅವಾತಿಫ್ ಅದನ್ನು ಕಂಡಳು. ಕೂಗುತ್ತ ಇಳಿಯತೊಡಗಿದಳು. ಎರಡು ಮಹಡಿ ಇಳಿಯುವಷ್ಟರಲ್ಲಿ ಉಸಿರು ಕಟ್ಟಿ ಎದೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟಳು. ನೆರೆಯವರು ಇನ್ಸಾಫ್‌ಳನ್ನು ಆಟೋದಲ್ಲಿ ಹಾಕಿಕೊಂಡು ಓಡಿದರು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಡಿಸೆಂಬರಿನಲ್ಲಿ ಅವಾತಿಫ್ ಒಬ್ಬಳೇ ಬಂದಳು. ನಾನು ಹಾಳೆ ತೆಗೆದೆ. ಅವಳೇ ಹೇಳುತ್ತ ಹೋದಳು. ಈ ನಾಲ್ಕು ವಾರ ಉಸಿರು ಕಟ್ಟಿಲ್ಲ. ಕೆಮ್ಮಿಲ್ಲ. ತಪ್ಪಿಹೋಗಲು ಕೆಲಸವೇ ಇಲ್ಲ.

"ತಂಗಿ ಗೋರಿಗೆ ಹೋಗಿದ್ರಾ ದೊಡ್ಡಮ್ಮಾ?" ಎಂದೆ.

"ಅಲ್ಲಿ ಧೂಳು, ಬೇಡ ಅಂದ ಮಗ." ಅಂಗೈ ಬಿಚ್ಚಿ ನೋಡಿಕೊಂಡಳು. "ನನ್ನ ಹತ್ರ ಔಷಧಿ ಇತ್ತು ಮಗಳೇ. ಕೈಯಲ್ಲೇ ಹಿಡ್ಕೊಂಡಿದ್ದೆ. ಅವಳ ಹತ್ರಕ್ಕೆ ಹೋಗೋಕಾಗ್ಲಿಲ್ಲ."

ಡಾಕ್ಟರು ಅಂಕ ನೋಡಿ ಖುಷಿಪಟ್ಟರು. ಇನ್ನು ಆರು ತಿಂಗಳು ಬಿಟ್ಟು ಬಂದರೆ ಸಾಕೆಂದರು.

ಜೂನ್ ಕಳೆದರೂ ಅವಳು ಬರಲಿಲ್ಲ. ನಾನೇ ಮನೆ ಹುಡುಕಿಕೊಂಡು ಹೋದೆ. ಸೊಸೆ ಬಾಗಿಲು ತೆರೆದಳು. ಅತ್ತೆ ಹೊತ್ತು ಹೊತ್ತಿಗೆ ಔಷಧ ತಗೊಳ್ಳುತ್ತಾರೆ, ಉಬ್ಬಸ ಒಂದು ದಿನವೂ ಬಂದಿಲ್ಲ, ಆದರೆ ಯಾರ ಜೊತೆಗೂ ಮಾತಿಲ್ಲ ಎಂದಳು. ಕಿಟಕಿಯ ಸಂದುಗಳಿಗೆಲ್ಲ ಟೇಪು ಅಂಟಿಸಿದ್ದ ಕೋಣೆಯಲ್ಲಿ ಅವಾತಿಫ್ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಎರಡು ಸಲ ಕರೆದೆ. ಎಚ್ಚರವಾಗಿದ್ದಳು, ತಿರುಗಲಿಲ್ಲ.