ಗಟ್ಟಿಕೈಯವರ ಗಡಿಯಾರಕ್ಕೆ ಬಿದ್ದ ಗೀರು

ಗೀರು ಅಕ್ಕಿಕಾಳಿಗಿಂತ ಉದ್ದವೇನೂ ಇರಲಿಲ್ಲ. ಬೇರೆಯವರಾಗಿದ್ದರೆ ಅದನ್ನು ಗಮನಿಸುತ್ತಲೂ ಇರಲಿಲ್ಲ. ಆದರೆ ಬೆಳಗಿನಿಂದ ಸಂಜೆಯವರೆಗೆ ಭೂತಗನ್ನಡಿಯಡಿ ಕೂತು ಕೃತಕ ಹಲ್ಲು ಕಟ್ಟುವ ಹೆಂಗಸಿನ ಕಣ್ಣಿನಿಂದ ಅದು ತಪ್ಪಿಸಿಕೊಳ್ಳುವುದುಂಟೇ? ಅಪ್ಪ ಕಾಫಿ ಲೋಟಕ್ಕೆ ಕೈ ಚಾಚಿದ್ದೇ ತಡ, ಗಡಿಯಾರ ಅಂಗಿಯ ತೋಳಿನಿಂದ ಹೊರಗೆ ಇಣುಕಿತು. ಹೊಸ ಬೆಲ್ಟು ಸಿಕ್ಕಿಸುವ ಚಿನ್ನದ ಕಿವಿಯ ಮೇಲೆ ಗೀರು ಹಲ್ಲು ಕಿರಿಯುತ್ತಿತ್ತು.

ಅದೇನು ಅಂತಿಂಥ ಗಡಿಯಾರವಲ್ಲ. ಅವಳ ಅಪ್ಪ ಬಂದರಿನಲ್ಲಿ ಕ್ರೇನು ನಡೆಸಿದವರು. ಹಡಗಿನಿಂದ ಕೋಣೆಯಷ್ಟು ದೊಡ್ಡ ಪೆಟ್ಟಿಗೆಗಳನ್ನು ಎತ್ತಿ, ಸದ್ದೇ ಆಗದಂತೆ ನೆಲಕ್ಕಿಳಿಸುತ್ತಿದ್ದ ಅವರನ್ನು ಅಲ್ಲಿನವರೆಲ್ಲ ಗಟ್ಟಿಕೈ ಎಂದೇ ಕರೆಯುತ್ತಿದ್ದರು. ಇಪ್ಪತ್ತನೇ ವರ್ಷಕ್ಕೆ ಕಂಪನಿ ಈ ಗಡಿಯಾರ ಕೊಟ್ಟಿತು. ಹಿಂಬದಿಯಲ್ಲಿ ‘ಇಪ್ಪತ್ತು ವರ್ಷ, ಒಂದೂ ಅಪಘಾತವಿಲ್ಲ’ ಎಂದು ಕೆತ್ತಿತ್ತು. ಮುಂದಿನ ಹನ್ನೆರಡು ವರ್ಷವೂ ಅವರು ಅದನ್ನು ಕಟ್ಟಿಕೊಂಡೇ ಕ್ರೇನು ಹತ್ತಿದ್ದರು. ಅದಕ್ಕೊಂದು ಗೀರೂ ಬೀಳಗೊಟ್ಟಿರಲಿಲ್ಲ.

ಈಗ ಬರುವ ಭಾನುವಾರ ಬಂದರಿನಲ್ಲಿ ಹೊಸ ಕ್ರೇನು ಶುರುವಾಗುವುದಿತ್ತು. ಮೊದಲ ಪೆಟ್ಟಿಗೆಯನ್ನು ಗಟ್ಟಿಕೈಯವರೇ ಎತ್ತಬೇಕೆಂದು ಪತ್ರ ಬಂದಿತ್ತು. ಅಷ್ಟು ದೊಡ್ಡ ದಿನಕ್ಕೆ ಬಿರುಕು ಬಿಟ್ಟ ಹಳೆಯ ಬೆಲ್ಟೇ? ಯಾರ ಕೈಗೂ ಕೊಡುವುದಿಲ್ಲ ಎಂದು ಹಟ ಹಿಡಿದಿದ್ದ ಅಪ್ಪನಿಗೆ, ಒಂದು ಗೀರೂ ಬೀಳದಂತೆ ಹೊಸ ಬೆಲ್ಟು ಹಾಕಿಸಿ ತಂದುಕೊಡುವ ಜವಾಬ್ದಾರಿ ತನ್ನದು ಎಂದು ಎದೆ ತಟ್ಟಿ ಹೇಳಿ ಅಂಗಡಿಗೆ ಒಯ್ದವಳು ಇವಳು. ಹೇಳಿ ಇನ್ನೂ ಎರಡು ದಿನವಾಗಿರಲಿಲ್ಲ.

ಅವಳು ಕೂಗಾಡಿದಳು. ಅಪ್ಪ ಅಂಗಿಯ ತೋಳನ್ನು ಕೆಳಗೆಳೆದುಕೊಂಡು, ಬಿಡು, ಅದು ಯಾರಿಗೆ ಕಾಣುತ್ತೆ ಎಂದರು. ಅಪ್ಪನದು ಎಂಥ ದೊಡ್ಡ ಮನಸ್ಸು ಎಂದು ಅವಳಿಗೆ ಅಂಗಡಿಯವರ ಮೇಲೆ ಇನ್ನಷ್ಟು ರೋಷ ಉಕ್ಕಿತು. ಗಡಿಯಾರ ಬಿಚ್ಚಿಸಿಕೊಂಡು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಗಡಿಯಾರದಂಗಡಿಯವರು ವಯಸ್ಸಾದವರು. ಗಾಜಿನ ಪೆಟ್ಟಿಗೆಯ ಹಿಂದೆ, ಮರಳು ತುಂಬಿದ ಪುಟ್ಟ ದಿಂಬಿನ ಮೇಲೆ ಮೊಣಕೈ ಊರಿ ಕೂತಿದ್ದರು. ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಗೀರನ್ನು ನೋಡಿದರು, ಅದು ತಾವು ಮಾಡಿದ್ದಲ್ಲ ಎಂದರು. ಹಾಗಾದರೆ ಗೀರು ತಾನೇ ಎದ್ದು ಬಂದು ಕೂತಿತೇ ಎಂದು ಇವಳು ಕೇಳಿದಳು.

“ನಾನು ಕೊಟ್ಟಾಗ ಬಕಲ್ ಇರೋ ತುಂಡು ಮೇಲ್ಗಡೆ ಇತ್ತಮ್ಮ,” ಎಂದರು ಅವರು. “ಈಗ ಕೆಳಗಡೆ ಇದೆ. ಯಾರೋ ಬಿಚ್ಚಿ ತಿರುಗಿಸಿ ಹಾಕಿದ್ದಾರೆ.”

ಜಾರಿಕೊಳ್ಳಲು ಎಂಥೆಂಥ ಕಥೆ ಕಟ್ಟುತ್ತಾರಪ್ಪ ಎಂದುಕೊಂಡಳು ಅವಳು. ಬೆಲ್ಟು ಬಿಚ್ಚುವ ಸಲಕರಣೆ ತೋರಿಸಿ ಎಂದಳು. ಅವರು ತೆಗೆದಿಟ್ಟರು, ತುದಿ ಎರಡು ಕವಲಾಗಿದ್ದ ಸಣ್ಣ ಉಕ್ಕಿನ ಕಡ್ಡಿ. ಅದನ್ನು ಕಂಡದ್ದೇ ಅವಳ ತಲೆಯಲ್ಲಿ ದೀಪ ಹೊತ್ತಿಕೊಂಡಿತು. ಜನರ ಬಾಯಿಯ ಅಚ್ಚು ತೆಗೆದೇ ಹೊಟ್ಟೆ ಹೊರೆಯುವ ತನಗೆ ಒಂದು ಗೀರಿನ ಅಚ್ಚು ತೆಗೆಯುವುದು ಯಾವ ಮಹಾ ಕೆಲಸ? ಚೀಲದಿಂದ ಎರಡು ಬಣ್ಣದ ಅಚ್ಚಿನ ಹಿಟ್ಟು ತೆಗೆದು, ಸೇರಿಸಿ ಚಕಚಕನೆ ನಾದಿ ಎರಡು ಉಂಡೆ ಮಾಡಿದಳು. ಒಂದು ಉಂಡೆಯನ್ನು ಗೀರಿನ ಮೇಲೆ ಒತ್ತಿದಳು, ಇನ್ನೊಂದರಲ್ಲಿ ಕಡ್ಡಿಯ ತುದಿ ಊರಿದಳು. ಅಂಗಡಿಯಲ್ಲಿದ್ದ ಗಿರಾಕಿಗಳು ತಮ್ಮ ಕೆಲಸ ಮರೆತು ಸುತ್ತ ನೆರೆದರು.

ಅಲ್ಲೇ ಒಪ್ಪಂದವೂ ಆಯಿತು. ಎರಡೂ ಅಚ್ಚು ಹೊಂದಿದರೆ ಅಂಗಡಿಯವರು ತಮ್ಮ ಖರ್ಚಿನಲ್ಲಿ ಗಡಿಯಾರ ತಯಾರಿಸಿದ ಕಂಪನಿಗೆ ಕಳಿಸಿ ಸರಿಮಾಡಿಸಿ, ಅವಳ ಅಪ್ಪನ ಕ್ಷಮೆ ಕೇಳಬೇಕು. ಹೊಂದದಿದ್ದರೆ ಅವಳು ಇದೇ ಜಾಗದಲ್ಲಿ, ಇಷ್ಟೇ ಜನರ ಮುಂದೆ ಕ್ಷಮೆ ಕೇಳಬೇಕು. ಅವಳು ಹಿಂದೆಮುಂದೆ ನೋಡದೆ ಹೂಂ ಎಂದಳು.

ತನ್ನ ಕೆಲಸದ ಕೋಣೆಗೆ ಅವಳು ನಡೆದು ಹೋಗಲಿಲ್ಲ, ಓಡಿದಳು. ಕಾಯುತ್ತಿದ್ದ ಎರಡು ಸೆಟ್ಟು ಹಲ್ಲುಗಳನ್ನು ಪಕ್ಕಕ್ಕೆ ಸರಿಸಿ, ಅಚ್ಚುಗಳನ್ನು ಭೂತಗನ್ನಡಿಯಡಿ ಇಟ್ಟಳು. ಇಷ್ಟು ಉತ್ಸಾಹ ಅವಳಿಗೆ ಪರೀಕ್ಷೆಯ ಫಲಿತಾಂಶದ ದಿನವೂ ಇದ್ದಿರಲಿಲ್ಲ.

ಹೊಂದಲಿಲ್ಲ. ಕವಲು ಕಡ್ಡಿ ಜಾರಿದ್ದರೆ ಎರಡು ಗೆರೆ ಬೀಳಬೇಕಿತ್ತು. ಇಲ್ಲಿದ್ದದ್ದು ಒಂದೇ ಅಗಲವಾದ ಗೆರೆ, ಅದರ ನಡುವೆ ಕೂದಲೆಳೆಯಷ್ಟು ಜಾಗ ಗೀರದೆ ಉಳಿದಿತ್ತು. ಅಂದರೆ ಚಪ್ಪಟೆ ತುದಿಯ ಸಲಕರಣೆ, ತುದಿಯ ನಡುವೆ ಸಣ್ಣ ಮುಕ್ಕು. ಸೋತೆ ಎಂದು ಬೇಸರಪಡುವುದನ್ನೂ ಮರೆತು ಅವಳು ಇನ್ನಷ್ಟು ಬಾಗಿದಳು. ಈ ಮುಕ್ಕನ್ನು ಎಲ್ಲೋ ನೋಡಿದ್ದೇನಲ್ಲ?

ನೋಡದೇ ಏನು? ಹೋದ ವರ್ಷ ಕೈಜಾರಿ ನೆಲಕ್ಕೆ ಬಿದ್ದು ಮುಕ್ಕಾದ, ಅವಳದೇ ಮೇಣ ಕೆತ್ತುವ ಚಾಕು. ಇನ್ನು ಕೆಲಸಕ್ಕೆ ಬಾರದು ಎಂದು ಮನೆಗೆ ಒಯ್ದು ಅಡುಗೆಮನೆಯ ಡ್ರಾಯರಿಗೆ ಹಾಕಿದ್ದಳು. ಮನೆಯಲ್ಲಿ ಇರುವವರು ಇಬ್ಬರೇ. ಅದರಲ್ಲಿ ಒಬ್ಬಳು ತಾನು.

ಮತ್ತೆ ಓಟ. ಮೂರು ಮಹಡಿ ಒಂದೇ ಉಸಿರಿಗೆ ಹತ್ತಿ, ಡ್ರಾಯರು ಜಗ್ಗಿ, ಚಾಕುವನ್ನು ಅಪ್ಪನ ಮುಂದೆ ಮೇಜಿನ ಮೇಲಿಟ್ಟಳು. ಕಳ್ಳನನ್ನು ಹಿಡಿದ ಖುಷಿಯಲ್ಲಿ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಅಪ್ಪ ಚಾಕುವನ್ನು ನೋಡಿದರು, ಮಗಳನ್ನು ನೋಡಿದರು. ನಗಲಿಲ್ಲ.

ಕ್ರೇನಿನವರೆಲ್ಲ ಬೆಲ್ಟು ತಿರುಗಿಸಿಯೇ ಹಾಕಿಕೊಳ್ಳುವುದು ಎಂದು ಅವರು ನಿಧಾನವಾಗಿ ವಿವರಿಸಿದರು. ಎಲ್ಲರಂತೆ ಹಾಕಿದರೆ ಬೆಲ್ಟಿನ ಬಾಲ ಮುಂದಕ್ಕೆ ಚಾಚಿ, ಕ್ರೇನು ನಡೆಸುವ ಲಿವರಿನ ಹಿಡಿಗೆ ಸಿಕ್ಕಿಕೊಳ್ಳುತ್ತದೆ. ಪಾಪ, ಅಂಗಡಿಯವರಿಗೆ ಅದು ಹೇಗೆ ಗೊತ್ತಾಗಬೇಕು?

“ನನಗೆ ಹೇಳಿದ್ರೆ ನಾನು ಹಾಕಿಕೊಡ್ತಿರಲಿಲ್ವಾ ಅಪ್ಪ?”

“ಐದು ನಿಮಿಷದ ಕೆಲಸ ಅಂದ್ಕೊಂಡೆ.” ಅವರು ಬಲಗೈಯನ್ನು ಮೇಜಿನಿಂದ ಎತ್ತಿ ಗಾಳಿಯಲ್ಲಿ ಹಿಡಿದರು. “ಇದು ನನ್ನ ಮಾತು ಕೇಳಲಿಲ್ಲ ಕಣೇ.”

ಕೈ ನಡುಗುತ್ತಿತ್ತು. ಸ್ವಲ್ಪವಲ್ಲ, ಚೆನ್ನಾಗಿಯೇ ನಡುಗುತ್ತಿತ್ತು. ಎರಡು ತಿಂಗಳಿನಿಂದ ಅಪ್ಪ ಅರ್ಧ ಲೋಟ ಕಾಫಿ ಸಾಕು ಎನ್ನುತ್ತಿದ್ದದ್ದು, ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದದ್ದು ಅವಳಿಗೆ ಈಗ ನೆನಪಾಯಿತು. ಅಕ್ಕಿಕಾಳಿನಷ್ಟು ಗೀರನ್ನು ದೂರದಿಂದಲೇ ಹಿಡಿದ ಕಣ್ಣಿಗೆ ಇಷ್ಟು ದೊಡ್ಡದು ಕಾಣದೇ ಹೋಗಿತ್ತು. ಅವಳಿಗೆ ನಾಚಿಕೆಯಾಯಿತು, ಅಳುವೂ ಬಂತು.

ಕ್ಷಮೆ ಕೇಳಲು ಒಬ್ಬಳೇ ಹೋಗುತ್ತೇನೆ ಎಂದರೆ ಅಪ್ಪ ಬಿಡಲಿಲ್ಲ. ಅವಳು ಜನರ ಮುಂದೆ ಕೈಮುಗಿದು ತಪ್ಪೊಪ್ಪಿಕೊಂಡ ಮೇಲೆ, ಅವರೇ ಮುಂದೆ ಬಂದು ಗಾಜಿನ ಪೆಟ್ಟಿಗೆಯ ಮೇಲೆ ಕೈಯಿಟ್ಟರು.

“ಗೀರಿದ್ದು ನಾನು. ನನ್ನ ಕೈ ನಡುಗುತ್ತೆ.”

ಅಂಗಡಿಯವರು ತಮ್ಮ ಮೊಣಕೈಯನ್ನು ದಿಂಬಿನಿಂದ ಮೇಲೆತ್ತಿದರು. ಅವರ ಬೆರಳುಗಳೂ ನಡುಗತೊಡಗಿದವು. ಮೊಣಕೈಯನ್ನು ಮತ್ತೆ ಊರಿದರು, ನಡುಕ ನಿಂತಿತು. ಆರು ವರ್ಷದಿಂದ ಹೀಗೇ ಕೆಲಸ ಮಾಡ್ತಿದ್ದೀನಿ ಸ್ವಾಮಿ ಎಂದರು. ಇಬ್ಬರು ಮುದುಕರೂ ಬಿದ್ದುಬಿದ್ದು ನಕ್ಕರು. ಗೀರನ್ನು ಉಜ್ಜಿ ತೆಗೆದುಕೊಡುತ್ತೇನೆಂದು ಅಂಗಡಿಯವರು ಹೇಳಿದರೂ ಅಪ್ಪ ಬೇಡವೆಂದು ಗಡಿಯಾರ ಕಟ್ಟಿಸಿಕೊಂಡರು.

ರಸ್ತೆಗಿಳಿದ ಮೇಲೆ ಅವರು ನಿಂತರು. ಅಂಗಡಿಯವರಿಗೆ ಊರಿಕೊಳ್ಳಲು ದಿಂಬಿದೆ, ಕ್ರೇನಿನ ಲಿವರನ್ನು ಮೊಣಕೈಗೆ ಆಸರೆಯಿಲ್ಲದೆ ಹಿಡಿಯಬೇಕು ಎಂದರು. ಭಾನುವಾರ ಪೆಟ್ಟಿಗೆಯ ಕೆಳಗೆ ಜನ ನಿಂತಿರುತ್ತಾರೆ. ಎತ್ತುವುದು ಬೇರೆಯವರಾಗಲಿ, ತಾನು ಕೆಳಗೆ ನಿಂತು ನೋಡುತ್ತೇನೆ ಎಂದರು.

“ಬಂದರಿಗೆ ನಾನು ಫೋನ್ ಮಾಡ್ಲಾ ಅಪ್ಪ?”

“ನಾನೇ ಮಾತಾಡ್ತೀನಿ. ನಂಬರ್ ಮಾತ್ರ ನೀನು ಒತ್ತು.”

ಅವಳು ಒತ್ತಿಕೊಟ್ಟಳು. ಅವರು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗಿಟ್ಟುಕೊಂಡರು. ಆ ಕಡೆಯಿಂದ ಯಾರೆಂದು ಕೇಳಿರಬೇಕು.

“ನಾನು ಗಟ್ಟಿಕೈ ಮಾತಾಡ್ತಿರೋದು,” ಎಂದರು ಅಪ್ಪ.