ನಡುವಿನ ಬಾಯಿ

ಚನ್ನಕೇಶವನೂ ಅವನ ತಮ್ಮ ಶಶಿಧರನೂ ಮಾತು ಬಿಟ್ಟ ವರ್ಷ ಮೇಘಶ್ರೀ ಹೈಸ್ಕೂಲಿಗೆ ಸೇರಿದ್ದಳು. ಈಗ ಅವಳ ಡಿಗ್ರಿ ಮುಗಿದಿತ್ತು, ಅಪ್ಪ ಚಿಕ್ಕಪ್ಪನ ಹಟ ಮುಗಿದಿರಲಿಲ್ಲ. ತೋಟ ಹಿಸ್ಸೆಯಾದ ದಿನ ಗದ್ದೆ, ಕಣ, ಗೋದಾಮು ಎಲ್ಲ ಎರಡಾದವು. ಹಳ್ಳದ ನೆತ್ತಿಯಲ್ಲಿದ್ದ ಮೇಲಬ್ಬಿ ಜಲಪಾತವೊಂದು ಮಾತ್ರ ಯಾರ ಪಾಲಿಗೂ ಬರದೆ ಉಳಿಯಿತು. ಧುಮುಕುವ ನೀರನ್ನು ಕೊಯ್ದು ಎರಡು ಮಾಡುವುದು ಹೇಗೆ? ಜಗಳ ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋದಾಗ ಇಬ್ಬರೂ ದೇವರ ಕೋಣೆಗೆ ನುಗ್ಗಿ ದೀಪ ಮುಟ್ಟಿ ಆಣೆ ಮಾಡಿಬಿಟ್ಟರು: ಇನ್ನು ನಮ್ಮಿಬ್ಬರಲ್ಲಿ ಮಾತಿಲ್ಲ, ಮೊದಲು ಬಾಯಿ ಬಿಟ್ಟವನು ಮೇಲಬ್ಬಿಯನ್ನೂ ಬಿಡಬೇಕು.

ಮಾತು ಬಿಟ್ಟರೂ ವ್ಯವಹಾರ ಬಿಡುವಂತಿಲ್ಲವಲ್ಲ. ಹಾಗಾಗಿ ನಡುವೆ ಒಬ್ಬರು ಬೇಕಾಯಿತು. ಎದುರುಬದುರೇ ನಿಂತಿದ್ದರೂ ‘ಹೇಳು ಅವನಿಗೆ’, ‘ಹೇಳು ಅವ್ರಿಗೆ’ ಅನ್ನುವುದು. ನಡುವಿನವರು ಹೇಳಿದ ಮೇಲೇ ಮಾತು ಆಡಿದ ಹಾಗೆ. ಅಲ್ಲಿಯವರೆಗೆ ಕಿವಿಗೆ ಬಿದ್ದರೂ ಬಿದ್ದಿಲ್ಲ. ಅಜ್ಜಿ ಕೃಷ್ಣಮ್ಮ ಇರುವಷ್ಟು ದಿನ ಈ ಕೆಲಸ ಅವರದಾಗಿತ್ತು. ಅವರು ತೀರಿಕೊಂಡ ಮೇಲೆ ಮೇಘಶ್ರೀಯ ತಲೆಗೆ ಬಂತು. ಕಾಲೇಜಿನಲ್ಲಿ ಹಾಜರಿ ಕೂಗಿದರೆ ಅವಳ ‘ಎಸ್ ಸರ್’ ಮುಂದಿನ ಬೆಂಚಿಗೂ ಕೇಳುತ್ತಿರಲಿಲ್ಲ. ಇವಳೇ ಸರಿ ಅಂದುಕೊಂಡರು ಇಬ್ಬರೂ. ತನ್ನದೆಂದು ಒಂದು ಮಾತೂ ಇಲ್ಲದ ಬಾಯಿ ಇಂಥ ಕೆಲಸಕ್ಕೆ ಬಹಳ ಅನುಕೂಲ.

ಈಗಿನ ತಕರಾರು ಪೈಪಿನದು. ಮೇಘಶ್ರೀಯ ಮನೆಗೆ ನೀರು ಮೇಲಬ್ಬಿಯಿಂದ ಕಪ್ಪು ಪೈಪಿನಲ್ಲಿ ಇಳಿದು ಬರುತ್ತಿತ್ತು. ರಸ್ತೆ ಬದಿಯಲ್ಲಿ ಹೋಂಸ್ಟೇ ನಡೆಸುವ ಚಿಕ್ಕಪ್ಪ ತನ್ನ ಗೆಸ್ಟುಗಳನ್ನು ಹಳ್ಳದ ಗುಂಟ ನಡೆಸಿಕೊಂಡು ಹೋಗಿ ಮೂರು ಅಬ್ಬಿ ತೋರಿಸುತ್ತಿದ್ದ. ಅವರಲ್ಲಿ ಯಾರೋ ಫೋಟೋಕ್ಕೆ ಪೈಪು ಅಡ್ಡ ಬರ್ತದೆ ಅಂದರಂತೆ. ಮಾರನೆಯ ದಿನವೇ ಪೈಪು ಸುರುಳಿ ಸುತ್ತಿಕೊಂಡು ಅಣ್ಣನ ಅಂಗಳದ ಮೂಲೆಗೆ ಬಂದು ಬಿದ್ದಿತ್ತು. ಅಂದಿನಿಂದ ಅಮ್ಮ ಸರೋಜಮ್ಮ ತೋಟದ ಕೆಳಗಿನ ಬಾವಿಯಿಂದ ಕೊಡ ಹೊತ್ತೂ ಹೊತ್ತೂ ಸೊಂಟ ಹಿಡಿಸಿಕೊಂಡಿದ್ದಳು.

ಪೈಪು ಎಲ್ಲಿ ಹಾಕಬೇಕು ಎನ್ನುವುದು ಜಾಗದಲ್ಲೇ ತೀರ್ಮಾನವಾಗಲಿ ಎಂದು, ಚಿತ್ತೆ ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ಬೆಳಿಗ್ಗೆ ಮೂವರೂ ಹಳ್ಳದ ದಾರಿ ಹಿಡಿದರು. ಹೊರಡುವಾಗ ಅಮ್ಮ ಖಾಲಿ ಕೊಡವನ್ನು ಹೊಸ್ತಿಲಿನ ಮೇಲೇ ಕುಕ್ಕಿದಳು. “ನೀರು ತರದೆ ವಾಪಸ್ ಬಂದ್ರೆ ಇವತ್ತು ಒಲೆ ಹಚ್ಚಲ್ಲ ನಾನು. ಅಪ್ಪ ಮಗಳು ಇಬ್ರಿಗೂ ಹೇಳ್ತಿದೀನಿ.”

ಮುಂದೆ ಚಿಕ್ಕಪ್ಪ. ಹಿಂದೆ ಪೈಪಿನ ಸುರುಳಿ ಹೆಗಲಿಗೇರಿಸಿಕೊಂಡ ಅಪ್ಪ. ನಡುವೆ ಮೇಘಶ್ರೀ.

ಕೆಳಗಿನ ಅಬ್ಬಿಯಲ್ಲಿ ಪ್ಲಾಸ್ಟಿಕ್ ಕೋಟು ತೊಟ್ಟ ಹುಡುಗರ ಗುಂಪೊಂದು ಸ್ಪೀಕರ್ ಹಚ್ಚಿಕೊಂಡು ಕುಣಿಯುತ್ತಿತ್ತು. ಚಿಪ್ಸ್ ಪೊಟ್ಟಣಗಳು ನೀರಿನ ಸುಳಿಯಲ್ಲಿ ಗಿರಗಿರ ಸುತ್ತುತ್ತಿದ್ದವು.

“ಹೇಳು ನಿಮ್ಮಪ್ಪಂಗೆ,” ಅಂದ ಚಿಕ್ಕಪ್ಪ. “ಇಲ್ಲಿ ಹಾಕ್ಕೊಳ್ಲಿ. ನಂದೇನೂ ಅಡ್ಡಿಯಿಲ್ಲ.”

“ಇಲ್ಲಿ ಹಾಕ್ಕೊಬೋದಂತೆ, ಅಪ್ಪ.”

“ನಮ್ಮನೆ ಇರೋದು ಇದಕ್ಕಿಂತ ಮೇಲೆ. ನೀರು ಗುಡ್ಡ ಹತ್ಕೊಂಡು ಬರ್ತದಾ ಕೇಳು. ಹೋಂಸ್ಟೇ ಮಾಡಿ ಬುದ್ಧಿನೂ ಬಾಡಿಗೆಗೆ ಕೊಟ್ಟಿದಾನಾ ಅಂತ ಕೇಳು.”

ಮೇಘಶ್ರೀ ಚಿಕ್ಕಪ್ಪನ ಕಡೆ ತಿರುಗಿ, “ನಮ್ಮನೆ ಸ್ವಲ್ಪ ಎತ್ತರ ಆಗ್ತದಂತೆ ಚಿಕ್ಕಪ್ಪ,” ಅಂದಳು.

ಅಲ್ಲಿಂದ ಮೇಲೆ ದಾರಿ ಕಿರಿದಾಯಿತು. ತರಗೆಲೆಯ ಕೆಳಗಿಂದ ರಕ್ತ ಹೀರುವ ಇಂಬಳಗಳು ಎದ್ದು ನಿಂತು ಕಾಲು ಹುಡುಕುತ್ತಿದ್ದವು. ಚಿಕ್ಕಪ್ಪ ಹಿಮ್ಮಡಿಗೆ ಕಚ್ಚಿದ್ದೊಂದನ್ನು ಸುಣ್ಣ ಮುಟ್ಟಿಸಿ ಉದುರಿಸಿದ.

“ಇದನ್ನ ಹೇಳು ನಿಮ್ಮಪ್ಪಂಗೆ. ಇಂಬಳನಾದ್ರೂ ಹೊಟ್ಟೆ ತುಂಬಿದ್ ಮೇಲೆ ಬಿಡ್ತದೆ. ಹಿಸ್ಸೆ ಆದ್ಮೇಲೂ ಬಿಡದೆ ಕಚ್ಕೊಂಡಿರೋರಿಗೆ ಯಾವ ಸುಣ್ಣ ಹಚ್ಬೇಕು ಅಂತ ಕೇಳು.”

“ಇಂಬಳ ಜಾಸ್ತಿ ಇದೆಯಂತೆ ಅಪ್ಪ. ನೋಡ್ಕೊಂಡು ಬರ್ಬೇಕಂತೆ.”

“ಅಷ್ಟುದ್ದದ ಮಾತು ಇಷ್ಟಕ್ಕೆ ಬಂತಾ?” ಅಂದ ಅಪ್ಪ ಹಿಂದಿನಿಂದ.

ಎರಡನೆಯದು ಜೋಡಬ್ಬಿ. ನಡುವೆ ಒಂದು ಬಂಡೆ ಎದ್ದು ನೀರನ್ನು ಎರಡಾಗಿ ಸೀಳಿತ್ತು. ಚಿಕ್ಕಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತ. “ಇದು ನಿಮ್ಮನೆಗಿಂತ ಎತ್ತರದಲ್ಲೇ ಇದೆ. ಗೆಸ್ಟುಗಳೂ ಇಲ್ಲಿ ಜಾಸ್ತಿ ಹೊತ್ತು ನಿಲ್ಲಲ್ಲ. ಇಲ್ಲಿಂದ ತಗೊಂಡು ಹೋಗ್ಲಿ, ಗಲಾಟೆ ಮುಗೀಲಿ ಅಂತ ಹೇಳು.”

ಅಪ್ಪ ಹೇಳಿಸಿಕೊಳ್ಳುವವರೆಗೂ ಕಾಯಲಿಲ್ಲ. ಸುರುಳಿಯನ್ನು ದೊಪ್ಪೆಂದು ಕೆಳಗೆ ಹಾಕಿದ. “ಅವನ ಪಲ್ಪರ್ ಇರೋದೇ ಇದರ ತಲೆ ಮೇಲೆ. ಕೊಯ್ಲು ಶುರುವಾದ್ರೆ ಕಾಫಿ ಹಣ್ಣು ತೊಳೆದ ಗಬ್ಬು ನೀರೆಲ್ಲ ಇಲ್ಲಿಗೇ ಬರ್ತದೆ. ಅದನ್ನ ನಾವು ಕುಡೀಬೇಕಾ? ಮೊದ್ಲು ಅವನ ಗೆಸ್ಟುಗಳಿಗೆ ಅದೇ ನೀರಲ್ಲಿ ಕಾಫಿ ಕಾಸಿ ಕೊಡ್ಲಿ. ಹೇಳು!”

“ಕೊಯ್ಲಿನ ಹೊತ್ತಲ್ಲಿ ನೀರು ಸ್ವಲ್ಪ…”

“ಸ್ವಲ್ಪ ಏನು ಸ್ವಲ್ಪ? ಗಬ್ಬು ಅಂದೆ ನಾನು. ಗಬ್ಬು ಅಂತ್ಲೇ ಹೇಳು.”

“ಹೌದು ಮಾರಾಯ್ತಿ, ಹೇಳಿದ್ದನ್ನ ಹೇಳಿದ ಹಾಗೇ ಹೇಳು,” ಎಂದು ಚಿಕ್ಕಪ್ಪನೂ ಸೇರಿಕೊಂಡ. “ಸಕ್ಕರೆ ಬೆರೆಸು ಅಂತ ನಿನಗ್ಯಾರು ಹೇಳಿದ್ದು? ನಮ್ಮವ್ವ ಹೀಗೆ ಮಾಡ್ತಿರ್ಲಿಲ್ಲ. ಬೈದ್ರೆ ಬೈದ ಹಾಗೇ ಮುಟ್ಟಿಸ್ತಿದ್ರು.”

ಇಷ್ಟು ವರ್ಷಗಳಲ್ಲಿ ಅಣ್ಣ ತಮ್ಮ ಇಬ್ಬರೂ ಒಪ್ಪಿದ ಮಾತು ಇದೊಂದೇ. ಮೇಘಶ್ರೀಯ ಕಿವಿ ಬಿಸಿಯಾಯಿತು. ಅವಳು ತಲೆಯೆತ್ತಿ ಚಿಕ್ಕಪ್ಪನ ಮುಖವನ್ನೇ ನೋಡುತ್ತ, “ಗಬ್ಬು ನೀರು,” ಅಂದಳು. ‘ಅಂತೆ’ ಸೇರಿಸಲು ಮರೆತಿದ್ದಳು. ಚಿಕ್ಕಪ್ಪನ ಹುಬ್ಬು ಮೇಲೇರಿತು. ಆಡಿದ್ದು ಅಪ್ಪನ ಮಾತೋ ತನ್ನದೋ ಅವಳಿಗೇ ತಿಳಿಯಲಿಲ್ಲ. ಯಾರದಾದರೂ ಇರಲಿ, ಅನ್ನಲು ಹಿತವಾಗಿತ್ತು.

ಮೇಲಬ್ಬಿ ಕಾಣುವ ಮೊದಲೇ ಅದರ ಸದ್ದು ಎದೆಗೆ ಗುದ್ದತೊಡಗಿತು. ಗುಡ್ಡದ ಆ ಮಗ್ಗುಲಲ್ಲಿ ಆಕಾಶ ಕಪ್ಪಿಟ್ಟು ಒಂದೆರಡು ಸಲ ಗುಡುಗಿತ್ತು. ಇಲ್ಲಿ ಮಾತ್ರ ಎಳೆ ಬಿಸಿಲು. ಸುರುಳಿಯನ್ನು ಮತ್ತೆ ಹೆಗಲಿಗೇರಿಸಿಕೊಂಡಿದ್ದ ಅಪ್ಪನೂ ಮೇಘಶ್ರೀಯೂ ಅಬ್ಬಿಯ ಬುಡದ ದಡದಲ್ಲಿ ನಿಂತರು. ಚಿಕ್ಕಪ್ಪ ಕಲ್ಲಿಂದ ಕಲ್ಲಿಗೆ ಹಾರುತ್ತ, ಸ್ವಲ್ಪ ಕೆಳಗೆ ಹಳ್ಳದ ನಟ್ಟನಡುವೆ ಇದ್ದ ಚಪ್ಪಟೆ ಬಂಡೆಗೆ ಹೋದ. ಗೆಸ್ಟುಗಳು ಫೋಟೋ ತೆಗೆಸಿಕೊಳ್ಳುವುದು ಅಲ್ಲೇ. ಫೋಟೋದಲ್ಲಿ ಪೈಪು ಎಲ್ಲಿ ಬೀಳುತ್ತದೆ ಎಂದು ತೋರಿಸುವುದಕ್ಕೆ ಇವರಿಗೂ ಅಬ್ಬಿಗೂ ಬೆನ್ನು ಹಾಕಿ, ಫೋನು ಮೇಲೆತ್ತಿ, ತನ್ನ ಮುಖವನ್ನು ಅದರೊಳಗೆ ಕೂರಿಸತೊಡಗಿದ.

ಅಪ್ಪ ಅವಳ ರಟ್ಟೆ ಹಿಡಿದ. ಅಬ್ಬಿಯ ಬುಡದಲ್ಲಿ ತಿಳಿಯಾಗಿದ್ದ ನೀರಿಗೆ ಕೆಮ್ಮಣ್ಣಿನ ಎಳೆ ಸೇರಿಕೊಂಡಿತ್ತು. ಅದರ ಹಿಂದೆಯೇ ತರಗೆಲೆ, ನೊರೆ, ಮುರಿದ ಕಡ್ಡಿಗಳು. ಮೇಲೆ ಸುರಿದ ಮಳೆ ಇಳಿದು ಬರುತ್ತಿತ್ತು. ಇದರ ಅರ್ಥ ಆ ಕಡೆಯ ಮಕ್ಕಳಿಗೂ ಗೊತ್ತು.

“ಹೇಳೇ! ನೀರು ಬಂತು ಅಂತ ಹೇಳು ಅವನಿಗೆ!”

“ಚಿಕ್ಕಪ್ಪಾ!” ಅಂದಳು ಮೇಘಶ್ರೀ. ದನಿ ಅವಳ ತುಟಿ ದಾಟಿ ಅಲ್ಲೇ ಬಿತ್ತು. “ಚಿಕ್ಕಪ್ಪಾ!”

“ಜೋರಾಗಿ! ಅನ್ನ ತಿನ್ನಲ್ವಾ ನೀನು?”

ಅವಳು ಅಪ್ಪನ ಕಡೆ ತಿರುಗಿದಳು. “ನನ್ನ ದನಿ ಅಲ್ಲಿವರೆಗೆ ಹೋಗಲ್ಲ. ನೀವು ಕೂಗಿ.”

ಅಪ್ಪ ಕೂಗಲಿಲ್ಲ. ನೀರು ನೋಡಿದ. ಹೆಗಲ ಮೇಲಿನ ಪೈಪಿನ ಸುರುಳಿಯನ್ನು ಇನ್ನೊಂದು ಕೈಯಲ್ಲಿ ಮುಟ್ಟಿ ನೋಡಿದ. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ಆದರೆ ಅದನ್ನು ಮೇಘಶ್ರೀ ಕಂಡಳು. ಅವಳು ಕಂಡದ್ದನ್ನು ಅಪ್ಪನೂ ಕಂಡ.

“ಕೂಗಿ ಅಪ್ಪಾ!”

“ಶಶೀ! ಓಡೋ! ನೀರು ಬಂತೋ!”

ಕಾಡೆಲ್ಲ ಒದರಿದ ಹಾಗಾಯಿತು. ಚಿಕ್ಕಪ್ಪ ತಿರುಗಿ ನೋಡಿದವನೇ ಫೋನು ಬಿಟ್ಟು ಹಾರಿದ. ಎರಡನೇ ಕಲ್ಲಿನಲ್ಲಿ ಕಾಲು ಜಾರಿ ಮೊಣಕಾಲಿನ ಮೇಲೆ ಬಿದ್ದು, ತೆವಳಿಕೊಂಡೇ ದಡ ಹಿಡಿದ. ಆ ಚಪ್ಪಟೆ ಬಂಡೆ ಕೆಂಪು ನೀರಿನಲ್ಲಿ ಮುಳುಗಿಹೋಯಿತು.

ಅವನಿಗೆ ಉಸಿರು ತಿರುಗಲು ಬಹಳ ಹೊತ್ತು ಹಿಡಿಯಿತು. ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ಬದುಕಿದೆ ಅನ್ನುತ್ತಾನೆ, ಇಲ್ಲವೇ ಅಳುತ್ತಾನೆ ಅಂದುಕೊಂಡಿದ್ದಳು ಮೇಘಶ್ರೀ. ಚಿಕ್ಕಪ್ಪ ನಕ್ಕ.

“ಹೇಳು ನಿಮ್ಮಪ್ಪಂಗೆ. ಮೊದ್ಲು ಬಾಯಿ ಬಿಟ್ಟಿದ್ದು ಅವ್ರು. ಮೇಲಬ್ಬಿ ನಂದು.”

ಅಪ್ಪನ ಮುಖದಲ್ಲಿ ರಕ್ತವಿರಲಿಲ್ಲ. ಮಾತು ಅವನ ಕಿವಿಗೆ ಬಿದ್ದಿತ್ತು. ಆದರೂ ರೂಢಿಯಂತೆ ಅವನು ಮಗಳ ಕಡೆಗೇ ನೋಡುತ್ತಿದ್ದ. ಅವಳು ಹೇಳುವವರೆಗೆ ಅದು ಮಾತಲ್ಲ.

“ಹೇಳೇ. ನೀನೇ ಸಾಕ್ಷಿ. ಪಕ್ಕದಲ್ಲೇ ನಿಂತಿದ್ದೆ. ನಿಮ್ಮಪ್ಪ ಕೂಗಿದ್ದು ಕೇಳಿಸ್ತೋ ಇಲ್ವೋ?”

ಹೊಸ್ತಿಲಿನ ಮೇಲಿನ ಖಾಲಿ ಕೊಡ ಮೇಘಶ್ರೀಯ ಕಣ್ಣೆದುರು ಬಂತು. ಜೊತೆಗೇ ಆ ಒಂದು ಉಸಿರಿನಷ್ಟು ಹೊತ್ತು ಕೂಡ. ಇಬ್ಬರಲ್ಲಿ ಯಾರ ಮೇಲೂ ಅವಳಿಗೆ ಕನಿಕರ ಹುಟ್ಟಲಿಲ್ಲ.

“ಇಲ್ಲ ಚಿಕ್ಕಪ್ಪ. ಅಬ್ಬಿ ಸದ್ದಲ್ಲಿ ನನಗೇನೂ ಕೇಳಿಸ್ಲಿಲ್ಲ.”

“ಏನಂದೆ?”

“ಕೇಳಿಸ್ಲಿಲ್ಲ ಅಂದೆ. ಹೇಳಿದ ಹಾಗೇ ಹೇಳ್ತಿದೀನಿ. ಸಕ್ಕರೆ ಬೆರೆಸಿಲ್ಲ.”

ಚಿಕ್ಕಪ್ಪ ಕುಂಟುತ್ತ ಎದ್ದು ನಿಂತ. “ದೇವರ ದೀಪ ಮುಟ್ಟಿ ಆಣೆ ಮಾಡಿರೋ ವಿಷಯ ಇದು. ಮೂಗಿ ಅಂದ್ಕೊಂಡಿದ್ದೆ, ಕಳ್ಳಿ ನೀನು! ಇವತ್ತಿಂದ ನಿನ್ನ ಹತ್ರನೂ ನನಗೆ ಮಾತಿಲ್ಲ. ಆಡಿದ್ರೆ ನಾಲಿಗೆ ಬಿದ್ದುಹೋಗ್ಲಿ!”

“ಹಾಗೇ ಆಗ್ಲಿ,” ಅಂದಳು ಮೇಘಶ್ರೀ.

ನೀರು ಇಳಿಯಲೆಂದು ಮೂವರೂ ಕಾದರು, ಮೂರು ಬೇರೆ ಬೇರೆ ಕಲ್ಲುಗಳ ಮೇಲೆ. ಪೈಪು ಅಲ್ಲಿರುವಾಗ ಚಿಕ್ಕಪ್ಪ ಹೋಗುವಂತಿರಲಿಲ್ಲ. ಪೈಪು ಹಾಕದೆ ಅಪ್ಪ ಹೋಗುವಂತಿರಲಿಲ್ಲ. “ನೀನೇ ಜೋರಾಗಿ ಕೂಗ್ಬೋದಿತ್ತು,” ಎಂದು ಅಪ್ಪ ಒಮ್ಮೆ ಗೊಣಗಿದ, ಅವಳ ಮುಖ ನೋಡದೆ.

ಚಪ್ಪಟೆ ಬಂಡೆ ಮತ್ತೆ ತಲೆ ಎತ್ತಿದ ಮೇಲೆ ಅಪ್ಪ ಸುರುಳಿಯನ್ನು ಮನೆಯ ಕಡೆಯ ಇಳಿಜಾರಿಗೆ ಬಿಚ್ಚಿಬಿಟ್ಟು, ಅಬ್ಬಿಯ ಪಕ್ಕದ ಬಿರುಕಿಗೆ ಹತ್ತಿ ಪೈಪಿನ ತುದಿಯನ್ನು ಒಳಗೆ ನೂಕಿ, ಕಲ್ಲು ಒತ್ತರಿಸಿ ಕೂರಿಸಿದ. ಹಳೆಯ ಜಾಗಕ್ಕಿಂತ ಎರಡು ಮಾರು ಈಚೆಗೆ, ಫೋಟೋದ ನಟ್ಟನಡುವೆ. ಕಪ್ಪು ಪೈಪು ಒಮ್ಮೆ ನಡುಗಿ, ಗೊಳಗೊಳ ಎಂದು ನೀರು ಹಿಡಿಯಿತು.

ಚಿಕ್ಕಪ್ಪ ಬಾಯಿ ತೆರೆದ. ಅಣ್ಣನ ಕಡೆ ನೋಡಿದ, ಮೇಘಶ್ರೀಯ ಕಡೆ ನೋಡಿದ. ಬೇಡ ಅನ್ನಲು ಅವನಿಗೆ ಅಲ್ಲಿ ಯಾರೂ ಉಳಿದಿರಲಿಲ್ಲ. ಬಾಯಿ ಮುಚ್ಚಿದ.

“ಹೇಳೇ ಅವನಿಗೆ,” ಅಂದ ಅಪ್ಪ ಮೇಲಿನಿಂದ, ಗೆದ್ದ ದನಿಯಲ್ಲಿ. “ಇನ್ನೊಂದು ಸಲ ಪೈಪು ಮುಟ್ಟಿದ್ರೆ ಕೈ ಕಡೀತೀನಿ ಅಂತ ಹೇಳು.”

ಮೇಘಶ್ರೀ ಬಗ್ಗಿ ಪಾದದ ಮೇಲಿನ ಇಂಬಳವನ್ನು ಕಿತ್ತು ನೀರಿಗೆಸೆದಳು. ಹೇಳಲಿಲ್ಲ. ಇಬ್ಬರನ್ನೂ ಅಲ್ಲೇ ಬಿಟ್ಟು, ಪೈಪು ಹಾಯ್ದ ಗುಂಟ ಒಬ್ಬಳೇ ಕೆಳಗಿಳಿಯತೊಡಗಿದಳು.