ಮಂಕು ದನಿ

"ಇನ್ನೂ ಮಂಕಾಗೇ ಇದೆ ಕಣೇ," ಅಂದ ಗಂಡ, ತಂತಿಗಳ ಮೇಲೆ ಅಂಗೈ ಇಟ್ಟು ಸದ್ದಡಗಿಸುತ್ತ. "ಯಾರೋ ಕಂಬಳಿ ಹೊದ್ದು ಮಾತಾಡಿದ ಹಾಗೆ."

ಅವಳು ಬೆಸುಗೆ ಕಡ್ಡಿ ಕೆಳಗಿಟ್ಟು ಅವನ ಮುಖ ನೋಡಿದಳು. ಈಗ ತಾನೇ ಸ್ಪೀಕರಿನಿಂದ ಹೊರಟ ಸದ್ದು ಅವಳ ಹಲ್ಲಿನ ಬೇರಿಗೇ ಇಳಿದಿತ್ತು.

ಗಿಟಾರಿನ ದನಿಯನ್ನು ಬೇಕೆಂದೇ ಒಡೆದು ಗರಗರ ಮಾಡುವ ಆ ಫಜ್ ಪೆಡಲನ್ನು ಮದುವೆಯಾದ ಹೊಸತರಲ್ಲಿ ಅವಳೇ ಒಂದು ತಗಡಿನ ಡಬ್ಬಿಯೊಳಗೆ ಕೂಡಿಸಿಕೊಟ್ಟಿದ್ದಳು. ಲಿಫ್ಟುಗಳ ಕಂಟ್ರೋಲ್ ಬೋರ್ಡ್ ರಿಪೇರಿ ಮಾಡುವವಳಿಗೆ ಅದೇನೂ ಮಹಾ ಕೆಲಸವಲ್ಲ. ಅವನೋ, ಗಿಟಾರ್ ಮೇಷ್ಟರು. ರಜೆ ಬಂದರೆ ಬ್ಯಾಂಡು. ಇಷ್ಟು ವರ್ಷ ಆ ಡಬ್ಬಿಯನ್ನು ಕಂಡಕಂಡವರ ಮುಂದೆಲ್ಲ ಹೊಗಳುತ್ತಿದ್ದವನು ಈಚೆಗೆ ಮಂಕು ಎಂದು ತಕರಾರು ತೆಗೆದು, ದನಿ ಚೂಪು ಮಾಡುವ ಅದರ ಗುಂಡಿಯನ್ನು ಕೊನೆವರೆಗೂ ತಿರುಗಿಸಿಕೊಂಡು ನುಡಿಸುತ್ತಿದ್ದ. "ನಿನ್ನ ಗಿಟಾರ್ ಯಾಕೋ ಚುಚ್ಚುತ್ತಪ್ಪಾ," ಎಂದು ಡ್ರಮ್ಮಿನವನು ಅಂದದ್ದನ್ನು ಮನೆಗೆ ಬಂದು ಹೇಳಿ, "ಬಡಿದೂ ಬಡಿದೂ ಅವನ ಕಿವಿ ಕೆಟ್ಟಿದೆ," ಎಂದು ನಕ್ಕಿದ್ದ.

ಬೆಳಗಿನಿಂದ ಇದೇ ಆಗಿತ್ತು. ಡಬ್ಬಿಯಲ್ಲಿ ಸದ್ದು ಒಳಬರುವ ಕಡೆ ಕೂತ ಕೆಪಾಸಿಟರ್ ಚಿಕ್ಕದಾದಷ್ಟೂ ದಪ್ಪ ದನಿ ಸೋರಿಹೋಗಿ ಚೂಪಾದದ್ದು ಉಳಿಯುತ್ತದೆ. ಅವಳು ಒಂದನ್ನು ಕಿತ್ತು ಅದರ ಅರ್ಧದ್ದು ಹಾಕಿದಳು, ಆಮೇಲೆ ಅದರರ್ಧ. ಚೂಪನ್ನು ತಗ್ಗಿಸಲೆಂದು ತಾನೇ ಹಿಂದೆ ಇಟ್ಟಿದ್ದ ಇನ್ನೊಂದನ್ನು ಕಿತ್ತೇ ಬಿಟ್ಟಳು. ಪಕ್ಕದ ಮನೆಯ ದರ್ಜಿ ಕಿಟಕಿಯಲ್ಲಿ ತಲೆ ಹಾಕಿದ.

"ಏನಮ್ಮಾ, ಒಳಗೆ ಯಾರದಾದರೂ ಹಲ್ಲು ಕೊರೀತಿದ್ದೀರಾ?"

ಗಂಡ ಗಹಗಹಿಸಿ ನಕ್ಕ. ಅವಳಿಗೆ ಯಾಕೋ ನಗು ಬರಲಿಲ್ಲ.

"ಸ್ಪೀಕರೇ ಕೆಟ್ಟಿರಬಹುದು ರೀ, ನೋಡೇಬಿಡೋಣ," ಅಂದಳು. ಬೋರ್ಡುಗಳ ಪರೀಕ್ಷೆಗೆಂದು ತಂದಿಟ್ಟುಕೊಂಡಿದ್ದ ಪುಟ್ಟ ಯಂತ್ರವೊಂದಿತ್ತು. ತಿರುಗಣೆ ತಿರುಗಿಸಿದ ಹಾಗೆ ಸ್ವರ ಮೇಲೇರುತ್ತ ಹೋಗುತ್ತಿತ್ತು. ಅದನ್ನು ಸ್ಪೀಕರಿಗೆ ಸಿಕ್ಕಿಸಿದಳು. ಅವನು ಗೋಡೆಗೊರಗಿ ಕಣ್ಣು ಮುಚ್ಚಿ ಕೂತ.

"ಬರ್ತಿದೆಯಾ?"

"ಹೂಂ."

ಇನ್ನಷ್ಟು ತಿರುಗಿಸಿದಳು.

"ಹೂಂ, ಬರ್ತಿದೆ."

ಮತ್ತಷ್ಟು. ಸ್ವರ ಸೂಜಿಯಾಗಿ ಕೋಣೆ ತುಂಬಿತು. ಅವಳ ಎಡಗೈ ತಾನಾಗಿಯೇ ಕಿವಿ ಮುಚ್ಚಿಕೊಂಡಿತು.

"ಯಾಕೆ ಆಫ್ ಮಾಡಿದೆ?" ಅಂದ ಅವನು, ಕಣ್ಣು ಮುಚ್ಚಿಕೊಂಡೇ.

ಅವಳು ತಿರುಗಣೆಯಿಂದ ಬೆರಳು ತೆಗೆದಳು. ಸದ್ದು ಕೊರೆಯುತ್ತಲೇ ಇತ್ತು.

"ಹಾಕೇ, ಏನು ಯೋಚನೆ?" ಎನ್ನುತ್ತ ಅವನು ಕಣ್ಣು ಬಿಟ್ಟ. ಕಿವಿ ಮುಚ್ಚಿದ್ದ ಅವಳ ಕೈ ಕಂಡ. ಯಂತ್ರದಲ್ಲಿ ಉರಿಯುತ್ತಿದ್ದ ಕೆಂಪು ದೀಪ ಕಂಡ. ಎದ್ದು ಬಂದು ಸ್ಪೀಕರಿನ ಜಾಲರಿಗೆ ಅಂಗೈ ಒತ್ತಿದ. ಆಮೇಲೆ ಬಗ್ಗಿ ಕಿವಿಯನ್ನೇ ಇಟ್ಟ. ಹಾಗೆಯೇ ಬಹಳ ಹೊತ್ತು ಇದ್ದ.

"ಸದ್ದು ಇನ್ನೂ ಇದೆಯಾ?" ಎಂದು ಕೇಳಿದ.

ಅವಳು ಹೌದೆಂದು ತಲೆಯಾಡಿಸಿದಳು.

"ಹಾಗಾದರೆ ಆರಿಸು ಮೊದಲು. ನಿನ್ನ ಕಿವಿಯೂ ಹೋದೀತು."

ಆರಿಸಿದಳು. ಸದ್ದು ನಿಂತದ್ದು ಅವಳೊಬ್ಬಳ ಕಿವಿಗೇ ತಿಳಿಯಿತು.

"ನಾಳೆ ಡಾಕ್ಟರ ಹತ್ರ ಹೋಗೋಣ ರೀ."

"ಹೋಗೋಣ." ಅವನು ಡಬ್ಬಿಯನ್ನು ಅವಳ ಕಡೆ ಸರಿಸಿದ. "ಮೊದಲಿದ್ದದ್ದನ್ನೇ ಹಾಕಿಬಿಡು. ಪಾಪ, ಆ ಡ್ರಮ್ಮಿನವನು ಎಷ್ಟು ದಿನದಿಂದ ಸಹಿಸಿಕೊಂಡಿದ್ದನೋ."

ಹಳೆಯ ಕೆಪಾಸಿಟರುಗಳನ್ನು ಹುಡುಕಿ ಕೂರಿಸಿದಳು. ಅವಳು ಮುಚ್ಚಳದ ಸ್ಕ್ರೂ ಬಿಗಿದದ್ದೇ ಅವನು ಗಿಟಾರನ್ನು ಮಡಿಲಿಗೆಳೆದುಕೊಂಡ.

"ಇಲ್ಲಿ ಬಾ, ನನ್ನೆದುರು ಕೂತ್ಕೋ."

"ಯಾಕ್ರೀ?"

"ಕೂತ್ಕೋ ಅಂದೆ."

ಸ್ಟೂಲ್ ಎಳೆದುಕೊಂಡು ಕೂತಳು. ಅವನು ಒಂದು ತಂತಿ ಮೀಟಿ, ಬಗ್ಗಿ ಡಬ್ಬಿಯ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದ. ಮತ್ತೆ ಮೀಟಿದ, ಮತ್ತೆ ತಿರುಗಿಸಿದ. ಕಣ್ಣು ತಂತಿಯ ಮೇಲಿರಲಿಲ್ಲ, ಅವಳ ಮುಖದ ಮೇಲಿತ್ತು. ಎಲ್ಲೋ ಒಂದು ಕಡೆ, ಅವಳಿಗೇ ಗೊತ್ತಿಲ್ಲದೆ ಅವಳ ಹುಬ್ಬಿನ ಗಂಟು ಸಡಿಲವಾಯಿತು. ಅವನ ಬೆರಳು ಗುಂಡಿಯ ಮೇಲೆ ಅಲ್ಲಿಗೇ ನಿಂತಿತು.